ಸೋಮವಾರದ ಗುಳಿಗೆ

ನಮ್ಮ ಮನೆಯಲ್ಲಿ ಸೋಮವಾರಕ್ಕೆ ಅದರದ್ದೇ ಒಂದು ವಾಸನೆ ಇತ್ತು. ಹುರಿದ ಶೇಂಗಾ, ತುಪ್ಪದಲ್ಲಿ ಚಟಪಟ ಅನ್ನುವ ಜೀರಿಗೆ, ಹಿಂದಿನ ಸಂಜೆಯೇ ನೆನೆಯಿಟ್ಟು ಅರಳಿಸಿದ ಸಾಬೂದಾಣಿ. ಬೈಲಹೊಂಗಲದ ಬಜಾರದ ಹಿಂದಿನ ಓಣಿಯ ಈ ಮನೆಗೆ ಸೊಸೆಯಾಗಿ ಬಂದ ಮೊದಲ ವಾರವೇ ನಾನು ಆ ವಾಸನೆಯನ್ನು ಗುರುತು ಮಾಡಿಕೊಂಡೆ. ಅತ್ತೆ ತೀರಿಕೊಂಡು ಈಗ ಎರಡು ವರ್ಷದ ಮೇಲಾಯಿತು. ಮನೆಯಲ್ಲಿ ಯಾರೂ ಉಪವಾಸ ಮಾಡುವುದಿಲ್ಲ. ಆದರೂ ಸೋಮವಾರ ಬೆಳಿಗ್ಗೆ ಅಡುಗೆಮನೆಗೆ ಕಾಲಿಟ್ಟಾಗ ಏನೋ ಮರೆತಿದ್ದೇನೆ ಅನಿಸಿ ಒಂದು ಕ್ಷಣ ನಿಲ್ಲುತ್ತೇನೆ.

ಅತ್ತೆ ಸೋಮವಾರ ಹಿಡಿದಿದ್ದರು. ನನ್ನ ಗಂಡ ಚಿಕ್ಕವನಿದ್ದಾಗ ಜ್ವರ ಬಂದು, ಇಳಿಯದೆ, ಕಣ್ಣು ಮೇಲೆ ಮಾಡಿದ್ದನಂತೆ. ಹುಡುಗ ಉಳಿದರೆ ಜೀವ ಇರುವವರೆಗೂ ಸೋಮವಾರ ಅನ್ನ, ರೊಟ್ಟಿ ಮುಟ್ಟುವುದಿಲ್ಲ ಎಂದು ಶಿವನಿಗೆ ಬೇಡಿಕೊಂಡರು. ಹುಡುಗ ಉಳಿದ. ಆಮೇಲೆ ಸವದತ್ತಿಯ ಎಲ್ಲಮ್ಮನ ಹೆಸರಿನಲ್ಲಿ ಶುಕ್ರವಾರವೂ ಸೇರಿಕೊಂಡಿತು. ಕಾರ್ತೀಕ ಬಂತೆಂದರೆ ತಿಂಗಳು ಪೂರ್ತಿ ಒಪ್ಪತ್ತು: ಹಗಲೆಲ್ಲ ಉಪವಾಸದ ತಿಂಡಿಯಾದ ಫರಾಳ, ದೀಪ ಹಚ್ಚಿದ ಮೇಲೆ ಒಂದು ಊಟ.

ಸಂಪಗಾಂವದ ನನ್ನ ತವರಿನಲ್ಲಿ ಇಷ್ಟು ಕಟ್ಟುನಿಟ್ಟು ಇರಲಿಲ್ಲ. ಹಾಗಾಗಿ ಮೊದಲ ಸೋಮವಾರವೇ ಎಡವಿದೆ. ಸಾಬೂದಾಣಿ ಉಸುಳಿ ತಾಟಿಗೆ ಬಡಿಸಿ, ಪಡಸಾಲೆಯಲ್ಲಿ ಕುಳಿತಿದ್ದ ಅತ್ತೆಯನ್ನು ಕರೆದೆ.

"ಅತ್ತೀ, ಊಟಕ್ಕ ಬರ್ರಿ."

"ಅಯ್ಯ ಯವ್ವಾ, ಊಟ ಅನಬ್ಯಾಡ! ಊಟ ಅಂದ್ರ ಉಪಾಸ ಮುರದಂಗ. ಫರಾಳಕ್ಕ ಬರ್ರಿ ಅನ್ನು."

"ತಿನ್ನೂದು ತಿನ್ನೂದ ಅಲ್ಲೇನ್ರಿ?"

"ಸಂಪಗಾಂವದಾಗ ಹಂಗ ಕಲಿಸ್ಯಾರೇನು? ರೊಟ್ಟಿ, ಅನ್ನ ಇದ್ರ ಅದು ಊಟ. ಇದು ಫರಾಳ. ಎರಡೂ ಬ್ಯಾರೆ."

ಆ ವ್ಯತ್ಯಾಸ ನನಗೆ ರೂಢಿಯಾಗಲು ಬಹಳ ದಿನ ಹಿಡಿಯಲಿಲ್ಲ. ಉಪವಾಸದ ಅಡುಗೆಗೆ ಬೇರೆ ಒಗ್ಗರಣೆ ಸೌಟು, ಬೇರೆ ಉಪ್ಪಿನ ಡಬ್ಬಿ. ಡಬ್ಬಿಯಲ್ಲಿ ಸೈಂಧವ. ಅದನ್ನು ಅತ್ತೆ ಉಪ್ಪು ಎಂದು ಕರೆಯುತ್ತಿರಲಿಲ್ಲ, ಸೈಂಧವ ಎಂದೇ ಕರೆಯುತ್ತಿದ್ದರು. ಆ ದಿನಗಳಲ್ಲಿ ಬಟಾಟಿ ಹಪ್ಪಳ, ಹುರಿದ ಶೇಂಗಾ, ಹಸಿಮೆಣಸಿನಕಾಯಿ ಚಟ್ನಿ ಎಲ್ಲದಕ್ಕೂ ಸೈಂಧವ ಧಾರಾಳವಾಗಿ ಬೀಳುತ್ತಿತ್ತು. ಮಧ್ಯಾಹ್ನ ನಾವಿಬ್ಬರೂ ಹಿತ್ತಲ ಬಾಗಿಲಲ್ಲಿ ಕುಳಿತು ಶೇಂಗಾ ಸಿಪ್ಪೆ ಊದುತ್ತ ಹರಟೆ ಹೊಡೆಯುತ್ತಿದ್ದೆವು. ನನಗೆ ಉಪವಾಸ ಇರಲಿಲ್ಲ. ನಾನು ರೊಟ್ಟಿ ಊಟ ಮಾಡಿಯೂ ಮತ್ತೆ ಅವರ ತಾಟಿಗೆ ಕೈ ಹಾಕುತ್ತಿದ್ದೆ. "ನಿಂದು ಯಾವ ದೇವರ ಉಪಾಸವ್ವಾ ಇದು?" ಎಂದು ಅವರು ನಗುತ್ತಿದ್ದರು.

ಐವತ್ತು ದಾಟಿದ ಮೇಲೆ ಅತ್ತೆಗೆ ಬಿಪಿ ಇದೆ ಎಂದು ಗೊತ್ತಾಯಿತು. ಊರಿನ ಡಾಕ್ಟರು ಒಂದು ಗುಳಿಗೆ ಬರೆದರು. ಔಷಧದ ಅಂಗಡಿಯವನು ಎಲ್ಲ ಗುಳಿಗೆಗೂ ಹೇಳುವ ಹಾಗೆ ಇದಕ್ಕೂ, "ದಿನಾ ಮುಂಜಾನಿ ಊಟ ಆದ ಮ್ಯಾಲೆ ತಗೋರಿ" ಎಂದು ಹೇಳಿ ಕೊಟ್ಟ. ಅತ್ತೆ ಆ ಮಾತನ್ನು ವ್ರತದ ಹಾಗೆಯೇ ಹಿಡಿದರು. ಊಟ ಮುಗಿಸಿ, ಕೈ ತೊಳೆದು, ಗೂಟಕ್ಕೆ ತೂಗುಹಾಕಿದ ಕೈಚೀಲದಿಂದ ಗುಳಿಗೆ ತೆಗೆದು, ತಲೆ ಹಿಂದಕ್ಕೆ ಎತ್ತಿ ಬಾಯಿಗೆ ಎಸೆದುಕೊಂಡು, ತಂಬಿಗೆಯ ನೀರು ಕುಡಿಯುವರು. ಊಟ ಮಾಡಿದ ದಿನ ಅವರು ಗುಳಿಗೆ ಮರೆತದ್ದನ್ನು ನಾನು ನೋಡಿಲ್ಲ.

ಕಣ್ಣಿನ ಸಂಗತಿ ಹೊರಬಿದ್ದದ್ದು ಪಂಚಮಿ ಹಬ್ಬಕ್ಕೆ ಅವರ ತವರಿಗೆ ಹೋದಾಗ.

ಅತ್ತೆಯ ತವರು ರಾಮದುರ್ಗದ ನೇಕಾರರ ಓಣಿ. ಅವರ ತಮ್ಮ ಇನ್ನೂ ಕೈಮಗ್ಗ ಇಟ್ಟುಕೊಂಡಿದ್ದ ಕೆಲವೇ ಜನರಲ್ಲಿ ಒಬ್ಬರು. ಪ್ರತಿ ವರ್ಷ ಪಂಚಮಿಗೆ ನಾವಿಬ್ಬರೂ ಉಂಡಿಯ ಡಬ್ಬಿ ಹೊತ್ತು, ಸವದತ್ತಿಯಲ್ಲಿ ಬಸ್ಸು ಬದಲಿಸಿ, ಮುನವಳ್ಳಿ ದಾಟಿ ಹೋಗುತ್ತಿದ್ದೆವು. ಬಸ್ಸು ಇಳಿದ ಕೂಡಲೇ ಅತ್ತೆಯ ನಡಿಗೆ ಬದಲಾಗುತ್ತಿತ್ತು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಎಲ್ಲರ ಮನೆ ಬಾಗಿಲಲ್ಲಿ ಇಣುಕುತ್ತ, "ಏನ್ ಮಾಡಾಕತ್ತೀರಿ?" ಎಂದು ಕೂಗುತ್ತ ಹೋಗುವರು. ಬೈಲಹೊಂಗಲದಲ್ಲಿ ಅತ್ತೆಯಾಗಿದ್ದವರು ಆ ಓಣಿಯಲ್ಲಿ ಮಗಳಾಗಿಬಿಡುತ್ತಿದ್ದರು. ನನಗೆ ಅದನ್ನು ನೋಡುವುದೇ ಹಬ್ಬ.

ಆ ವರ್ಷ ತಮ್ಮ ನನಗೆಂದು ಒಂದು ಸೀರೆ ನೇಯ್ದಿದ್ದರು. ಹಸಿರು ಮೈ, ಕೆಂಪು ದಡಿ. ಅತ್ತೆ ಅದನ್ನು ಮೆಚ್ಚುವ ಮೊದಲು ಪರೀಕ್ಷೆ ಮಾಡಬೇಕಿತ್ತು. ಅದು ಅವರ ತಂದೆ ಕಲಿಸಿದ ರೂಢಿ. ದಡಿಯ ಒಂದು ತುದಿಯನ್ನು ನನ್ನ ಕೈಗೆ ಕೊಟ್ಟು ಬಿಗಿಯಾಗಿ ಎಳೆಯಲು ಹೇಳಿ, ಇನ್ನೊಂದು ತುದಿಯನ್ನು ತಾವೇ ಕಣ್ಣಿನ ಹತ್ತಿರ ಹಿಡಿದು, ಎಡಗಣ್ಣು ಮುಚ್ಚಿ, ಬಲಗಣ್ಣಿನಿಂದ ಉದ್ದಕ್ಕೂ ನೋಡಿದರು.

"ತಮ್ಮಾ, ಏನೋ ಇದು? ದಡಿ ಡೊಂಕ ಬಂದೈತಿ."

"ಎಲ್ಲಿ ಡೊಂಕ ಯಕ್ಕಾ? ದಾರ ಹಿಡದಂಗ ಐತಿ."

"ಇಲ್ಲಿ ನೋಡು ನಡುವ. ನೀರಾಗ ಬಡಿಗಿ ಬಿಟ್ಟಂಗ ಕಾಣತೈತಿ. ಅಪ್ಪ ಇದ್ದಿದ್ರ ಪೂರಾ ಬಿಚ್ಚಸ್ತಿದ್ದ."

"ಅಪ್ಪ ಇದ್ದಿದ್ರ ನಿನ್ನ ಕಣ್ಣಿಗೆ ಚಾಳೀಸ ಹಾಕಸ್ತಿದ್ದ!"

ಮಗ್ಗದ ಮನೆಯಲ್ಲಿ ನಗೆ ಎದ್ದಿತು. ಆದರೆ ನೇಯ್ಗೆಗೆ ಹೆಸರಿಡುವುದು ಸಣ್ಣ ಮಾತಲ್ಲ. ತಮ್ಮನ ಮುಖ ಸ್ವಲ್ಪ ಕೆಂಪಾಗಿತ್ತು. ಅವರು ಕಟ್ಟಿಗೆಯ ಪಟ್ಟಿ ತಂದು ದಡಿಯ ಪಕ್ಕ ಇಟ್ಟರು. ಕೂದಲೆಳೆಯಷ್ಟೂ ಸಂದು ಇರಲಿಲ್ಲ. ಅತ್ತೆ ಪಟ್ಟಿಯನ್ನು ನೋಡಿದರು, ಮತ್ತೆ ನೋಡಿದರು. ಆಮೇಲೆ ಬಲಗಣ್ಣು ಮುಚ್ಚಿ ಎಡಗಣ್ಣಿನಿಂದ ನೋಡಿದರು. ಮತ್ತೆ ಎಡಗಣ್ಣು ಮುಚ್ಚಿದರು.

"ಪಟ್ಟೀನೂ ಡೊಂಕ ಐತಿ," ಎಂದು ಮೆಲ್ಲಗೆ ಹೇಳಿದರು. ಈ ಸಲ ಯಾರೂ ನಗಲಿಲ್ಲ.

ಬಲಗಣ್ಣಿನ ನಡುವೆ ಮಸಿ ಬಟ್ಟೆಯಿಂದ ಒರೆಸಿದ ಹಾಗೆ ಕಾಣುತ್ತದೆ ಎಂದರು. ನೋವಿಲ್ಲ, ಕೆಂಪಿಲ್ಲ, ನೀರಿಲ್ಲ. ಎರಡೂ ಕಣ್ಣು ತೆರೆದಾಗ ಗೊತ್ತೇ ಆಗಿರಲಿಲ್ಲ. ತಮ್ಮ ಸಿಟ್ಟು ಮರೆತು, "ಪೊರಿ ಬಂದಿರತೈತಿ ಯಕ್ಕಾ, ದೀಪಾವಳಿ ಆದ ಮ್ಯಾಲೆ ತಗಸಿದ್ರಾತು," ಎಂದರು. ಅತ್ತೆಗೂ ಅದೇ ಬೇಕಿತ್ತು. ಊರಲ್ಲೇ ಉಳಿದಿದ್ದ ನನ್ನ ಗಂಡ ಮಾತ್ರ ಕೇಳಲಿಲ್ಲ. ನಾವು ಊರಿಗೆ ಬಂದ ಮಾರನೆಯ ದಿನವೇ, ಕಿತ್ತೂರಿನ ಮೇಲೆ ಹಾಯ್ದು, ಧಾರವಾಡದ ಒಂದು ಕಣ್ಣಿನ ಆಸ್ಪತ್ರೆಗೆ ಅತ್ತೆಯನ್ನೂ ನನ್ನನ್ನೂ ಕರೆದುಕೊಂಡು ಹೋದರು.

ಅಲ್ಲಿನ ಡಾಕ್ಟರು ನಮ್ಮ ಕಡೆಯವರೇ ಆದ ಒಬ್ಬ ಹೆಣ್ಣುಮಗಳು. ಕಣ್ಣಿಗೆ ಹನಿ ಹಾಕಿ, ಪಾಪೆ ಅಗಲವಾದ ಮೇಲೆ ಒಳಗಿನ ಫೋಟೋ ತೆಗೆಸಿದರು. ಕಂಪ್ಯೂಟರಿನ ಮೇಲೆ ಎರಡೂ ಕಣ್ಣಿನ ಚಿತ್ರ ಅಕ್ಕಪಕ್ಕ ಬಂತು. ಎಡಗಣ್ಣು ಹುಣ್ಣಿಮೆಯ ಚಂದ್ರನ ಹಾಗೆ ತಿಳಿಯಾಗಿತ್ತು. ಬಲಗಣ್ಣಿನ ಮೇಲ್ಭಾಗದಲ್ಲಿ ಕುಂಕುಮದ ಬಟ್ಟಲು ಚೆಲ್ಲಿದಂತೆ ಕೆಂಪು ಹರಡಿತ್ತು.

"ಅಮ್ಮಾರ, ಇದು ಪೊರಿ ಅಲ್ಲ," ಎಂದರು ಡಾಕ್ಟರು. "ಕಣ್ಣಿನ ಹಿಂದ ಒಂದು ಪರದೆ ಇರತೈತಿ. ಅಲ್ಲಿಗೆ ರಕ್ತ ತರೂ ನಾಳ ಬ್ಯಾರೆ, ರಕ್ತ ಹೊಳ್ಳಿ ಒಯ್ಯೂ ನಾಳ ಬ್ಯಾರೆ. ಒಯ್ಯೂ ನಾಳ ಕಟ್ಟೈತಿ. ರಕ್ತ ಹೋಗಾಕ ದಾರಿ ಇಲ್ಲದ ಸೋರೈತಿ. ಅದಕ್ಕ ಪರದೆ ಬಾತೈತಿ. ನೆಟ್ಟಗಿದ್ದದ್ದು ಡೊಂಕ ಕಾಣೂದು ಅದಕ್ಕ."

"ನರ ಬ್ಲಾಕ್ ಆಗೇತಿ ಅನ್ರಿ," ಎಂದರು ನನ್ನ ಗಂಡ.

"ಹಂಗ ಅಂತಾರ ಜನ. ಆದ್ರ ಇದು ನರದ ನಿಶ್ಶಕ್ತಿ ಅಲ್ರಿ. ನರಕ್ಕ ಅಂತ ಟಾನಿಕ್ ಕುಡಸ್ಕೋತ ಕೂಡಬ್ಯಾಡ್ರಿ. ಇದು ರಕ್ತದ ನಾಳ."

ಯಾಕೆ ಕಟ್ಟಿತು ಎಂದು ಅತ್ತೆ ಕೇಳಿದರು. ಡಾಕ್ಟರು ತಮ್ಮ ಎರಡು ಬೆರಳನ್ನು ಒಂದರ ಮೇಲೊಂದು ಅಡ್ಡ ಇಟ್ಟು ತೋರಿಸಿದರು. ಎರಡೂ ನಾಳಗಳು ಪರದೆಯ ಮೇಲೆ ಅಲ್ಲಲ್ಲಿ ಹೀಗೆ ಒಂದನ್ನೊಂದು ಹಾಯ್ದು ಹೋಗುತ್ತವೆ. ಬಿಪಿ ಬಹಳ ವರ್ಷ ಏರಿದ್ದರೆ ರಕ್ತ ತರುವ ನಾಳ ಬಿರುಸಾಗಿ, ಕೆಳಗಿನ ಮೆತ್ತನೆಯ ನಾಳವನ್ನು ಅದುಮುತ್ತದೆ. ಅದುಮಿದ ಜಾಗದಲ್ಲಿ ರಕ್ತ ನಿಧಾನವಾಗಿ, ಹೆಪ್ಪುಗಟ್ಟುತ್ತದೆ. ಸಕ್ಕರೆ ಕಾಯಿಲೆ, ರಕ್ತದಲ್ಲಿ ಕೊಬ್ಬು, ತಂಬಾಕು, ಕಣ್ಣಿನೊಳಗಿನ ಒತ್ತಡ ಹೆಚ್ಚುವ ಕಾಚಬಿಂದು, ರಕ್ತವೇ ದಪ್ಪವಾಗುವ ಕೆಲವು ರೋಗಗಳು, ಜೊತೆಗೆ ವಯಸ್ಸು. ಇವೆಲ್ಲ ಈ ಕಾಯಿಲೆಗೆ ದಾರಿ ಮಾಡಿಕೊಡುತ್ತವಂತೆ. ಕಣ್ಣಿನ ಒತ್ತಡ ನೋಡಿದರು, ಸರಿಯಿತ್ತು. ರಕ್ತದ ಪರೀಕ್ಷೆಯಲ್ಲಿ ಸಕ್ಕರೆಯೂ ಇರಲಿಲ್ಲ, ಕೊಬ್ಬು ಸ್ವಲ್ಪ ಹೆಚ್ಚಿತ್ತು.

"ತಂಬಾಕ ತಿಂತೀರೇನು?"

"ಶಿವ ಶಿವಾ, ಇಲ್ರಿ," ಎಂದರು ಅತ್ತೆ.

ನಾನು ಕೆಮ್ಮಿದೆ.

"ಹಲ್ಲಿಗೆ ತಿಕ್ಕತೇನ್ರಿ, ಅಷ್ಟ. ತಿನ್ನೂದ ಬ್ಯಾರೆ, ತಿಕ್ಕೂದ ಬ್ಯಾರೆ."

ಡಾಕ್ಟರಿಗೆ ನಗು ಬಂತು. "ಆ ಫರಕ ಹಲ್ಲಿಗೆ ಗೊತ್ತಿರಬಹುದು, ರಕ್ತಕ್ಕ ಗೊತ್ತಾಗೂದಿಲ್ಲ ನೋಡ್ರಿ," ಎಂದರು. ಆಮೇಲೆ ತೋಳಿಗೆ ಪಟ್ಟಿ ಕಟ್ಟಿ ಬಿಪಿ ನೋಡಿದರು, ನಗು ನಿಂತಿತು. ಇನ್ನೊಂದು ತೋಳಿಗೆ ಕಟ್ಟಿ ನೋಡಿದರು.

"ಬಿಪಿ ಗುಳಿಗಿ ದಿನಾ ತಗೋತೀರಿ?"

"ಒಂದ ದಿನಾನೂ ತಪ್ಪಿಸಿಲ್ರಿ. ಕೇಳ್ರಿ ಬೇಕಾದ್ರ ನನ್ನ ಸೊಸೀನ."

ನಾನೂ ಹೌದು ಎಂದೆ. ಡಾಕ್ಟರಿಗೆ ಅದು ಬಗೆಹರಿಯಲಿಲ್ಲ. ಊರಿನ ಡಾಕ್ಟರಿಗೆ ತೋರಿಸಿ ಗುಳಿಗೆಯ ಬಲ ಹೆಚ್ಚಿಸಬೇಕೇನೋ ಕೇಳಿ ಎಂದರು. ಬಲಗಣ್ಣಿನ ಬಾವು ಇಳಿಯಲು ಕಣ್ಣಿನೊಳಗೆ ಇಂಜೆಕ್ಷನ್ ಕೊಡಬೇಕು, ತಿಂಗಳಿಗೊಮ್ಮೆ ಬರಬೇಕಾಗಬಹುದು, ಹೋದ ದೃಷ್ಟಿ ಎಷ್ಟು ಬರುತ್ತದೆ ಎಂದು ಈಗಲೇ ಹೇಳಲಾಗದು ಎಂದರು. ಎದ್ದು ಹೊರಡುವಾಗ ಅತ್ತೆಯ ಕೈ ಹಿಡಿದು, "ನನಗ ಈ ಕಣ್ಣಿನಕಿಂತ ಆ ಕಣ್ಣಿನ ಚಿಂತಿ ಹೆಚ್ಚೈತ್ರಿ. ಬಿಪಿ ಹಿಂಗ ಇದ್ರ ನಾಳೆ ಎಡಗಣ್ಣಾಗೂ ಆಗಬಹುದು. ಅದನ್ನ ಕಾಯ್ಕೋರಿ," ಎಂದರು.

ಮನೆ ಮುಟ್ಟಿದ ಮೇಲೆ ಅತ್ತೆ ನನ್ನನ್ನು ಕರೆದು, "ಎರಡೂ ಹೋದ್ರ ನನ್ನ ಕೈ ಹಿಡದು ಬಚ್ಚಲಕ್ಕ ಒಯ್ಯಾಕಿ ನೀನ ಅಲ್ಲೇನವಾ?" ಎಂದು ಕೇಳಿದರು. ಮರುಕ್ಷಣವೇ, "ಒಲ್ಲೆ ತಂಗಿ. ನಿನ್ನ ಕೈ ಭಾಳ ಬಿರಸು," ಎಂದು ಅವರೇ ನಕ್ಕರು.

ಮುಂದಿನ ಸೋಮವಾರ ಬೆಳಿಗ್ಗೆ ಚಹದ ಜೊತೆ ಗುಳಿಗೆಯನ್ನೂ ನಾನೇ ಕೈಗೆ ಕೊಟ್ಟೆ. ಇನ್ನು ಮೇಲೆ ನಾನೇ ಕೊಡುವುದು ಎಂದು ಮನಸ್ಸಿನಲ್ಲಿ ಮಾಡಿಕೊಂಡಿದ್ದೆ. ಅತ್ತೆ ಗುಳಿಗೆಯನ್ನು ಹಾಗೆಯೇ ತಿರುಗಿಸಿ ಕೊಟ್ಟರು.

"ಇವತ್ತ ಸೋಮವಾರ ಅಲ್ಲೇನ?"

"ಅದಕ್ಕೇನ್ರಿ?"

"ಊಟ ಎಲ್ಲಿ ಮಾಡೇನಿ? ಊಟ ಆದ ಮ್ಯಾಲೆ ತಗೋಬೇಕಂತ ಹೇಳ್ಯಾನಲ್ಲ ಆಂವ."

"ಫರಾಳ ಮಾಡತೀರಲ್ರಿ?"

"ಫರಾಳ ಊಟ ಹೆಂಗಾಗತೈತಿ? ಇಷ್ಟ ವರ್ಷ ಆತು ಈ ಮನಿಗೆ ಬಂದು, ಇನ್ನೂ ತಿಳೀಲಿಲ್ಲ ನಿನಗ?"

ಸೋಮವಾರ ಇಲ್ಲ. ಶುಕ್ರವಾರ ಇಲ್ಲ. ಕಾರ್ತೀಕದಲ್ಲಿ ಮುಂಜಾನೆಯ ಊಟವೇ ಇಲ್ಲ, ಹಾಗಾಗಿ ಮುಂಜಾನೆಯ ಗುಳಿಗೆಯೂ ಇಲ್ಲ. ಆ ದಿನಗಳಲ್ಲೇ ಸೈಂಧವ ಹಾಕಿದ ಶೇಂಗಾ, ಹಪ್ಪಳ, ಚಟ್ನಿ. ಅತ್ತೆ ಡಾಕ್ಟರಿಗೆ ಸುಳ್ಳು ಹೇಳಿರಲಿಲ್ಲ. ಹೇಳಿದ ಮಾತನ್ನು ಅಕ್ಷರಕ್ಕೆ ಅಕ್ಷರ ಪಾಲಿಸಿದ್ದರು. ಊಟ ಎಂಬ ಮಾತಿಗೆ ಅಂಗಡಿಯವನ ಬಾಯಲ್ಲಿ ಒಂದು ಅರ್ಥ, ನಮ್ಮ ಅಡುಗೆಮನೆಯಲ್ಲಿ ಇನ್ನೊಂದು.

ನನ್ನ ಗಂಡನಿಗೆ ಹೇಳಿದಾಗ ಅವರು ಸಿಟ್ಟಿಗೆದ್ದರು.

"ಬೇ, ನನ್ನ ಸಲುವಾಗಿ ಹಿಡದ ವಾರ ಅದು. ಇವತ್ತಿಗೆ ಬಿಟ್ಟಬಿಡು."

"ಹಿಡದಾಕಿ ನಾನು. ಬಿಡಸಾಂವ ನೀ ಯಾರೋ?"

"ಕಣ್ಣ ಹೋದ್ರ?"

"ನೀ ಉಳದೀಯಲ್ಲ. ಕೊಟ್ಟ ಮಾತ ತಿರುಗಿ ತಗೊಂಡ್ರ ಶಿವ ಏನಂದಾನು?"

ನನ್ನ ಗಂಡ ಅಂಗಿ ಹಾಕಿಕೊಂಡು ಹೊರಗೆ ಹೋದರು. ನಾನು ಧಾರವಾಡಕ್ಕೆ ಫೋನು ಹಚ್ಚಿದೆ. ಡಾಕ್ಟರು ಎಲ್ಲ ಕೇಳಿಸಿಕೊಂಡರು. ಆಮೇಲೆ, ಇವರ ಈ ಗುಳಿಗೆಗೆ ಊಟದ ಹಂಗೇ ಇಲ್ಲ, ಖಾಲಿ ಹೊಟ್ಟೆಗೂ ನಡೆಯುತ್ತದೆ, ಒಂದು ದಿನವೂ ಬಿಡಬಾರದು ಅಷ್ಟೇ ಎಂದರು. ಉಪವಾಸ ಮಾಡಲಿ, ಆದರೆ ನೀರು ಚೆನ್ನಾಗಿ ಕುಡಿಯಲಿ, ಸೈಂಧವವೂ ಉಪ್ಪೇ ಎಂದು ತಿಳಿಸಿ ಹೇಳಿ ಎಂದರು.

ನಾನು ಗೆದ್ದವಳ ಹಾಗೆ ಬಂದು ಅತ್ತೆಗೆ ಹೇಳಿದೆ. ಅವರು ಗೋಡೆಗೆ ಒರಗಿ ವಿಚಾರ ಮಾಡಿದರು.

"ಅದು ಖರೆ. ಆದ್ರೂ ಹೊಟ್ಟಿಗೆ ಹೋಗತೈತಲ್ಲ. ಊಟ ಅಲ್ಲ, ಫರಾಳ ಅಲ್ಲ. ಹೆಸರಿಲ್ಲದ್ದನ್ನ ಉಪಾಸದಾಗ ಹೊಟ್ಟಿಗೆ ಹಾಕ್ಕೊಳ್ಳೂದು ಹೆಂಗ?"

"ಮತ್ತ ಚಾ ಕುಡೀತೀರಲ್ರಿ? ಚಾ ಏನು, ಊಟೋ ಫರಾಳೋ?"

"ಚಾ ಅಂದ್ರ ಚಾ," ಎಂದರು ಅತ್ತೆ, ಇಷ್ಟೂ ಗೊತ್ತಿಲ್ಲವೇ ಎಂಬಂತೆ.

ಆ ದಿನ ಗುಳಿಗೆ ಕಪಾಟಿನ ಮೇಲೆಯೇ ಉಳಿಯಿತು. ಶುಕ್ರವಾರ ಬರುವವರೆಗೆ ನನಗೆ ಅನ್ನ ರುಚಿಸಲಿಲ್ಲ. ಅವರು ನಡೆದಾಡುವಾಗ ಹೊಸ್ತಿಲು ಎಡವಿದರೆ ನಾನು ಕೈಯ ಕೆಲಸ ಬಿಟ್ಟು ಓಡುತ್ತಿದ್ದೆ. ಅಕ್ಕಿ ಹಸನು ಮಾಡುವಾಗ ಮೊರವನ್ನು ಮುಖದ ಹತ್ತಿರ ತಂದು, ತಲೆಯನ್ನು ಓರೆ ಮಾಡಿ, ಎಡಗಣ್ಣಿನಿಂದ ಹರಳು ಹುಡುಕುತ್ತಿದ್ದರು. ಅವರಿಗೆ ಗೊತ್ತಾಗದ ಹಾಗೆ ನಾನು ಒಲೆಯ ಮುಂದೆ ನಿಂತು ನೋಡುತ್ತಿದ್ದೆ.

ಶುಕ್ರವಾರ ಬೆಳಿಗ್ಗೆ ಅತ್ತೆ ಲಿಂಗಪೂಜೆಗೆ ಕುಳಿತಿದ್ದರು. ವಿಭೂತಿ ಹಚ್ಚಿ, ಎಡ ಅಂಗೈಯಲ್ಲಿ ಲಿಂಗ ಇಟ್ಟು, ಪತ್ರಿ ಏರಿಸಿ ಕಣ್ಣು ಮುಚ್ಚಿದ್ದರು. ನಾನು ಎಂದಿನಂತೆ ಬಾಳೆಹಣ್ಣು, ಸಕ್ಕರೆ ಇಟ್ಟ ಸಣ್ಣ ತಾಟನ್ನು ಪಕ್ಕಕ್ಕೆ ಸರಿಸಿ ಹೊರಟಿದ್ದೆ.

"ಏ, ಅದನ್ನೂ ತಾ."

"ಯಾವುದ್ರಿ?"

"ಗುಳಿಗಿ."

ತಂದು ಕೊಟ್ಟೆ. ಅದನ್ನು ಬಾಳೆಹಣ್ಣಿನ ಪಕ್ಕ ಇಟ್ಟು, ನೀರು ತಿರುವಿ, ಲಿಂಗಕ್ಕೆ ತೋರಿಸಿದರು. ಬಹಳ ಹೊತ್ತು ಏನೋ ಗುಣುಗುಣು ಹೇಳಿಕೊಂಡರು. ಪೂಜೆ ಮುಗಿದ ಮೇಲೆ ಗುಳಿಗೆಯನ್ನು ಹಣೆಗೆ ಮುಟ್ಟಿಸಿ ಬಾಯಿಗೆ ಹಾಕಿಕೊಂಡು ನೀರು ಕುಡಿದರು. ನಾನು ಬಾಯಿ ತೆರೆದು ನಿಂತಿದ್ದೆ.

"ಏನ್ ನೋಡತೀ? ಲಿಂಗಕ್ಕ ತೋರಿಸಿದ್ದು ಪ್ರಸಾದ ಆತಲ್ಲ. ಪ್ರಸಾದಕ್ಕ ಊಟ ಯಾಕ ಬೇಕು, ಫರಾಳ ಯಾಕ ಬೇಕು?"

ಹೀಗೆ ಆ ಗುಳಿಗೆಗೆ ನಮ್ಮ ಮನೆಯಲ್ಲಿ ಒಂದು ಹೆಸರು ಸಿಕ್ಕಿತು. ನನ್ನ ಗಂಡ ಅಂಗಡಿಗೆ ಹೊರಟಾಗ, "ನನ್ನ ಪ್ರಸಾದ ತೀರೇತಿ, ತಗೊಂಡ ಬಾರೋ," ಎಂದು ಅತ್ತೆ ಕೂಗುವರು. ಪಕ್ಕದ ಮನೆಯವರಿಗೆ ಯಾವ ಗುಡಿಯ ಪ್ರಸಾದ ಎಂದು ತಿಳಿಯುತ್ತಿರಲಿಲ್ಲ.

ತಂಬಾಕು ಮಾತ್ರ ಅಷ್ಟು ಸರಳವಾಗಿ ಹೋಗಲಿಲ್ಲ. ಹಲ್ಲಿಗೆ ತಿಕ್ಕುವ ಪುಡಿಯ ಡಬ್ಬಿಯನ್ನು ನಾನು ಬಚ್ಚಿಟ್ಟರೆ ಅತ್ತೆ ಓಣಿಯ ಗೆಳತಿಯ ಮನೆಗೆ ಹೋಗಿ ತಿಕ್ಕಿ ಬರುತ್ತಿದ್ದರು. ಬಾಯಿ ಮುಚ್ಚಿಕೊಂಡು ಒಳಗೆ ನುಸುಳುವ ಅವರನ್ನು ನೋಡಿದರೆ ಸಾಲಿ ತಪ್ಪಿಸಿದ ಹುಡುಗಿಯ ನೆನಪಾಗುತ್ತಿತ್ತು. "ಬಾಯಿ ತೆರೀರಿ ನೋಡೂಣು," ಎಂದರೆ, "ನೀ ಏನ್ ಹಲ್ಲಿನ ಡಾಕ್ಟರ?" ಎಂದು ತಲೆ ತಿರುಗಿಸುವರು. ಲವಂಗ ಕೊಟ್ಟೆ, ಸೋಂಪು ಕೊಟ್ಟೆ. ಕೊನೆಗೆ ಸಂಕ್ರಮಣದ ಹೊತ್ತಿಗೆ ಅವರೇ ಬಿಟ್ಟರು. ಸೈಂಧವದ ಡಬ್ಬಿ ಚಿಕ್ಕದಾಯಿತು. ಫರಾಳದ ಉಸುಳಿಗೆ ನಿಂಬೆಹಣ್ಣು ಹೆಚ್ಚು ಬಿತ್ತು. "ಸಪ್ಪಗ ಐತಿ" ಎಂದು ದಿನಾ ಹೇಳಿ ದಿನಾ ತಾಟು ಖಾಲಿ ಮಾಡುವರು.

ಧಾರವಾಡದ ಓಡಾಟ ಆ ಚಳಿಗಾಲವೆಲ್ಲ ನಡೆಯಿತು. ಕಣ್ಣಿಗೆ ಸೂಜಿ ಎಂದರೆ ನಾನು ಬಾಗಿಲ ಹೊರಗೇ ನಿಲ್ಲುತ್ತಿದ್ದೆ; ಅತ್ತೆ ಒಳಗೆ ಹೋಗುವಾಗ ಚಪ್ಪಲಿಯನ್ನು ನನ್ನ ಕೈಗೆ ಕೊಟ್ಟು, "ಕಳೀಬ್ಯಾಡ, ಹೊಸಾವು," ಎಂದು ಹೇಳಿ ಹೋಗುವರು. ಬಲಗಣ್ಣಿನ ಮಸಿ ತಿಳಿಯಾಯಿತು, ಪೂರ್ತಿ ಹೋಗಲಿಲ್ಲ. ಮನುಷ್ಯರ ಮುಖ ಕಾಣುತ್ತಿತ್ತು, ಮುಖದ ನಗು ಕಾಣುತ್ತಿರಲಿಲ್ಲ. ಪ್ರತಿ ಸಲವೂ ಡಾಕ್ಟರು ಎಡಗಣ್ಣನ್ನು ನೋಡುವಾಗ ನಾನು ಅವರ ಮುಖವನ್ನೇ ನೋಡುತ್ತಿದ್ದೆ. ಯುಗಾದಿಯ ಮುಂಚಿನ ಭೇಟಿಯಲ್ಲಿ ಬಿಪಿಯ ಪಟ್ಟಿ ಬಿಚ್ಚುತ್ತ ಅವರು, "ಈಗ ಹದಕ್ಕ ಬಂದೈತಿ. ಎಡಗಣ್ಣು ಸ್ವಚ್ಛ ಐತ್ರಿ ಅಮ್ಮಾರ," ಎಂದರು. ದಿನಕ್ಕೊಮ್ಮೆ ಒಂದೊಂದೇ ಕಣ್ಣು ಮುಚ್ಚಿ ನೋಡಿಕೊಳ್ಳಿ, ಏನಾದರೂ ಬದಲಾದರೆ ಹಬ್ಬ ಹುಣ್ಣಿಮೆ ಎಂದು ಕಾಯದೆ ಬನ್ನಿ ಎಂದು ಹೇಳಿ ಕಳಿಸಿದರು.

ಅಂದು ಸೋಮವಾರ. ಬಸ್ಸು ಹೆದ್ದಾರಿ ಬಿಟ್ಟು ಕಿತ್ತೂರಿನ ಒಳಗೆ ಬಂತು. ಅತ್ತೆ ಕಿಟಕಿಯ ಪಕ್ಕ ಕುಳಿತು, ಬಲಗಣ್ಣಿಗೆ ಅಂಗೈ ಮುಚ್ಚಿ, ಅಂಗಡಿಯ ಬೋರ್ಡುಗಳನ್ನು ಒಂದೊಂದಾಗಿ ಓದತೊಡಗಿದರು. ನಾಲ್ಕನೇ ಇಯತ್ತೆಯವರೆಗೆ ಸಾಲಿ ಕಲಿತವರು. ಒತ್ತಕ್ಷರ ಬಂದಾಗ ಸ್ವಲ್ಪ ತಡವರಿಸಿ, ಹಿಡಿದು, ಮುಂದೆ ಹೋಗುವರು. ಖಾನಾವಳಿ. ಟೈಯರ್ ಅಂಗಡಿ. ಬೀಜ ಗೊಬ್ಬರ. ಹೊಲಿಗೆ ಮಷೀನ್ ರಿಪೇರಿ. ಮುಂದಿನ ಸೀಟಿನ ಮುದುಕರೊಬ್ಬರು ಹೊರಳಿ ನೋಡಿ, "ಏನ್ ಬಾಯಾರ, ಸಾಲಿ ಕಲ್ಯಾಕತ್ತೀರೇನು?" ಎಂದರು.

"ಹೂನ್ರೀ ಅಜ್ಜಾರ. ಒಂದ ಕಣ್ಣಿಂದ ಪರೀಕ್ಷಾ ಐತಿ."

ಊರು ದಾಟಿ ಬೋರ್ಡುಗಳು ಮುಗಿದವು. ಎರಡೂ ಕಡೆ ಕಡಲೆ ಕಿತ್ತ ಬಯಲು ಹೊಲ. ಅತ್ತೆ ಕೈ ಇಳಿಸಲಿಲ್ಲ. "ಈಗ ರಸ್ತೆದ ಕಲ್ಲ ಬರತಾವ. ಯಾರು ಮೊದಲ ಓದತಾರ ನೋಡೂಣು," ಎಂದು ನನ್ನನ್ನು ಮೊಳಕೈಯಿಂದ ತಿವಿದರು. ನಾನು ಕನ್ನಡಕ ಹಾಕಿಕೊಂಡು, ದೂರದ ಹಸಿರು ತಲೆಯ ಕಲ್ಲನ್ನು ಹುಡುಕಿ ಕಣ್ಣು ಕಿರಿದು ಮಾಡಿದೆ. ಅಷ್ಟರಲ್ಲಿ ಅವರು "ಬೈಲಹೊಂಗಲ, ಇಪ್ಪತ್ತು" ಎಂದು ಕೂಗಿಯಾಗಿತ್ತು. ಮುಂದಿನ ಕಲ್ಲಿಗೂ ಅವರೇ ಗೆದ್ದರು. ಅದರ ಮುಂದಿನದಕ್ಕೂ.

ಆ ಸಂಜೆ ಇದನ್ನು ಹೇಳಿದಾಗ ನನ್ನ ಗಂಡ ಮೆಲ್ಲಗೆ, "ಛಲೋ ಮಾಡಿದಿ, ಬೇಕಂತ ಸೋತು," ಎಂದರು. ನಾನು ಬೇಕಂತ ಸೋತಿರಲಿಲ್ಲ. ಅತ್ತೆಗೆ ನಿಜವಾಗಿಯೂ ನನಗಿಂತ ಮೊದಲು ಕಂಡಿತ್ತು.